ಅಜ್ಜಿಯ ಕಲ್ಲಿನ ಎಡಭಾಗ

ರೇಗನ್ಸ್‌ಬರ್ಗ್
ಭಾನುವಾರ, 25 ಅಕ್ಟೋಬರ್ 2015

ಪ್ರೀತಿಯ ಅಮ್ಮನಿಗೆ ನಿನ್ನ ಅಶ್ಲಿನ್ ಮಾಡುವ ವಂದನೆಗಳು.

ಈ ಕಾಗದವನ್ನು ಮೆಲ್ರಾಯ್ ಕೈಗೆ ಕೊಡಬೇಡ. ನಾನೇ ಓದಿ ಹೇಳುತ್ತೇನೆ ಎಂದು ಅಣ್ಣ ಎಷ್ಟು ಹಟ ಹಿಡಿದರೂ ಕೊಡಬೇಡ. ಭೂತಗನ್ನಡಿ ಇಟ್ಟುಕೊಂಡು ನೀನೇ ಓದು, ಎರಡು ದಿನ ಹಿಡಿದರೂ ಚಿಂತೆಯಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಅವನು ಸ್ಪೀಕರಿಗೆ ಹಾಕಿದರೆ ನಿನ್ನೊಬ್ಬಳನ್ನು ಬಿಟ್ಟು ಇಡೀ ಮಿಷನ್ ಕಾಂಪೌಂಡಿಗೆ ಕೇಳಿಸುತ್ತದೆ.

ಇವತ್ತು ಇಲ್ಲಿ ಚಳಿಗಾಲದ ಲೆಕ್ಕಕ್ಕೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದೆ ತಿರುಗಿಸಿದ್ದಾರೆ. ಎಂಟಕ್ಕೆ ಎದ್ದವಳಿಗೆ ಏಳೇ ಗಂಟೆ. ನಿನ್ನ ಅಳಿಯ ವಿವಿಯನ್ ಇನ್ನೂ ಮಲಗಿದ್ದಾನೆ. ಪುಕ್ಕಟೆ ಸಿಕ್ಕಿದ ಈ ಒಂದು ಗಂಟೆಯಲ್ಲಿ ಬರೆಯದಿದ್ದರೆ ನಾನು ಮತ್ತೆ ಬರೆಯುವವಳಲ್ಲ ಎಂದು ಗೊತ್ತಾಗಿ ಅಡುಗೆಮನೆಯ ಮೇಜಿಗೆ ಬಂದು ಕೂತಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಚಂದನ್ ಗುರುವಾರ ದೀಪಾವಳಿಗೆಂದು ಮೈಸೂರಿಗೆ ಹೊರಟಿದ್ದಾನೆ. ಅಲ್ಲಿಂದ ಕೊರಿಯರ್ ಮಾಡುತ್ತಾನೆ. ಕಲ್ಲು ಕೆತ್ತುವವನು ಬರುವ ಮೊದಲೇ ಇದು ನಿನ್ನ ಕೈ ಸೇರಬೇಕು.

ಬಿ.ಪಿ. ಮಾತ್ರೆಯನ್ನು ಊಟದ ಮೊದಲು ತೆಗೆದುಕೊಳ್ಳುತ್ತಿದ್ದೀಯಾ? ಮೆಟ್ಟಿಲು ಹತ್ತಿದರೆ ಈಗಲೂ ಉಸಿರು ಕಟ್ಟುತ್ತದೆಯಾ? ಮಲ್ಲಿಗೆ ಹೂ ಬಿಟ್ಟಿತೇ ಎಂದು ಈ ಸಲವೂ ಕೇಳಿದ್ದೀಯ. ಕುಂಡ ಬಾಲ್ಕನಿಯಲ್ಲಿದೆ. ಚಳಿ ಶುರುವಾದ್ದರಿಂದ ಒಳಗೆ ತರಬೇಕು.

ಎಂಟನೇ ತಾರೀಕಿನ ನಿನ್ನ ಕಾಗದ ಮೊನ್ನೆ ಬಂತು. ಎಲ್ಲ ಸಿದ್ಧತೆ ಆಯಿತೆಂದು ಬರೆದಿದ್ದೀಯ. ನವೆಂಬರ್ ಹದಿನೈದರಂದು ಆರಾಧನೆ ಮುಗಿದ ಮೇಲೆ ಎಲ್ಲರೂ ಸ್ಮಶಾನಕ್ಕೆ ಹೋಗಿ, ಅಜ್ಜಿಯ ಗೋರಿಯ ಎಡಬದಿಯಲ್ಲಿ ನಾನು ಕಳಿಸಿದ ಮಣ್ಣನ್ನು ಇಟ್ಟು, ಸಭಾಪಾಲಕರು ಪ್ರಾರ್ಥನೆ ಮಾಡುವುದು. ಅದಕ್ಕೆ ಮೊದಲು, ಹತ್ತನೇ ತಾರೀಕಿಗೆ, ಕಾರ್ಕಳದಿಂದ ಆಳು ಬಂದು ಕಲ್ಲಿನ ಖಾಲಿ ಭಾಗದಲ್ಲಿ ಅಜ್ಜನ ಹೆಸರು ಕೆತ್ತುವುದು. ಇದೆಲ್ಲ ಮುಗಿದ ಮೇಲೆ ಇಪ್ಪತ್ತಕ್ಕೆ ನೀನು ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರುವುದು. ಆಗಸ್ಟಿನಲ್ಲೇ ಆಗಬೇಕಿದ್ದ ಆಪರೇಷನ್ನನ್ನು ನೀನು ಇದಕ್ಕೋಸ್ಕರವೇ ಮುಂದೆ ಹಾಕಿದ್ದು ಎಂದು ಮೆಲ್ರಾಯ್ ಹೇಳಿದ. ಕಾಗದದ ಕೊನೆಗೆ ನೀನು ಬರೆದ ಸಾಲನ್ನು ನಾನು ಹತ್ತು ಸಲ ಓದಿದೆ: "ಗೋರಿಯ ನಂಬ್ರ ಕಳಿಸು ಮಾರಾಯ್ತಿ. ಬರೀ ಹೆಸರು ಕೆತ್ತಿಸಿದ್ರೆ ನಾಳೆ ನಮ್ಮ ಮಕ್ಕಳು ಮೊಮ್ಮಕ್ಕಳು ಜರ್ಮನಿಗೆ ಹೋದ್ರೆ ಎಲ್ಲಿ ಅಂತ ಹುಡುಕುದು?"

ಅಮ್ಮ, ನಂಬರು ಇಲ್ಲ. ಅಜ್ಜನಿಗೆ ಗೋರಿಯೇ ಇಲ್ಲ.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಕೋ. ಮೆಲ್ರಾಯ್ ಬಂದು ಏನಾಯಿತೆಂದು ಕೇಳಿದರೆ ಕಣ್ಣಿಗೆ ಹುಳ ಬಿತ್ತು ಎನ್ನು. ಆಮೇಲೆ ಮುಂದಕ್ಕೆ ಓದು.

ಮೊದಲಿನಿಂದ ಹೇಳಬೇಕು. ಜುಲೈಯಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಚಂದನ್ ಜೊತೆ ಮಾತಾಡುತ್ತ ನನ್ನ ಅಜ್ಜನ ಸುದ್ದಿ ಬಂತು. ಉಡುಪಿ ಮಂಗಳೂರು ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ರಾಮದಾಸ್ ಕರ್ಕಡ ಎಂಬವರು, ನೀನು ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಾಗಿದ್ದಾಗ ಸೈನ್ಯದ ಲಾರಿ ಓಡಿಸಲು ಹೋದದ್ದು, ಮರುಭೂಮಿಯಲ್ಲಿ ಸೆರೆಸಿಕ್ಕಿದ್ದು, ನಲವತ್ತನಾಲ್ಕರಲ್ಲಿ ಜರ್ಮನಿಯಲ್ಲಿ ತೀರಿಕೊಂಡರೆಂದು ತಂತಿ ಬಂದದ್ದು, ಇಷ್ಟು ಹೇಳಿದೆ. ಅವನು ಊಟ ಬಿಟ್ಟು ಫೋನಿನಲ್ಲಿ ಹುಡುಕತೊಡಗಿದ. ಯುದ್ಧದಲ್ಲಿ ಸತ್ತವರ ಪಟ್ಟಿ ಎಲ್ಲವೂ ಅಲ್ಲಿ ಸಿಗುತ್ತದೆ. ಕಾಲು ಗಂಟೆಯಲ್ಲಿ ನನ್ನ ಮುಂದೆ ಹಿಡಿದ. ರಾಮದಾಸ್, ಡ್ರೈವರ್, ದಕ್ಷಿಣ ಕನ್ನಡದ ಉಡುಪಿಯ ಕಾಂತಾಮಣಿಯ ಗಂಡ. ಅಜ್ಜಿಯ ಹೆಸರನ್ನು ಆ ಫೋನಿನಲ್ಲಿ ಕಂಡು ನಾನು ತಟ್ಟೆ ಬದಿಗೆ ಸರಿಸಿದೆ. ನಾನಿರುವ ಬವೇರಿಯಾದಲ್ಲೇ, ಮ್ಯೂನಿಕ್ಕಿನಿಂದ ದಕ್ಷಿಣಕ್ಕೆ ಬೆಟ್ಟಗಳ ಬುಡದ ಒಂದು ಸ್ಮಶಾನದ ಹೆಸರು ಅಲ್ಲಿತ್ತು.

ಆ ಸಾಲನ್ನು ಪೂರ್ತಿ ಓದದೆ ನಿನಗೆ ಫೋನು ಮಾಡಿದೆ. ಸ್ಮಶಾನದ ಹೆಸರಿನ ಮುಂದೆ ಇನ್ನೂ ಎರಡು ಪದಗಳಿದ್ದವು. ಕಂಪ್ಯೂಟರ್ ಚಿಪ್ಪು ತಯಾರಿಸುವ ಕಾರ್ಖಾನೆಯಲ್ಲಿ ದೋಷ ಹುಡುಕುವುದೇ ನನ್ನ ಉದ್ಯೋಗ. ಅಲ್ಲಿ ಹೀಗೆ ಅರ್ಧ ಓದಿ ವರದಿ ಕೊಟ್ಟಿದ್ದರೆ ಇಲ್ಲಿ ದುಡಿಯಲು ಕೊಟ್ಟ ಬ್ಲೂ ಕಾರ್ಡ್ ವಾಪಸು ಕೊಟ್ಟು ಮನೆಗೆ ಹೋಗು ಎನ್ನುತ್ತಿದ್ದರು. ಸಿಕ್ಕಿತು ಎಂದು ನಾನು ಕೂಗಿದ್ದು ಒಂದೇ ಸಲಕ್ಕೆ ನಿನಗೆ ಕೇಳಿಸಿತು. ನೀನು ಅಳುವುದನ್ನು ಅಪ್ಪ ಹೋದಾಗ ಬಿಟ್ಟರೆ ನಾನು ಕೇಳಿದ್ದು ಆಗಲೇ. ಮರುದಿನವೇ ಮೆಲ್ರಾಯ್ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ.

ಅಜ್ಜಿ ಸಾಯುವಾಗ ನನಗೆ ಹನ್ನೆರಡು ವರ್ಷ. ಆಕೆ ನಿನ್ನ ಕೈ ಹಿಡಿದು ಹೇಳಿದ ಮಾತನ್ನು ಬಾಗಿಲ ಹತ್ತಿರ ನಿಂತು ನಾನೂ ಕೇಳಿಸಿಕೊಂಡಿದ್ದೇನೆ. "ಎಡಗಡೆ ಅವರಿಗೆ ಬಿಡಿ. ಎದ್ದಾಗ ನಾನು ಒಬ್ಬಳೇ ಆಗುದು ಬೇಡ." ಕಡೇ ದಿನ ಎಲ್ಲರೂ ಗೋರಿಗಳಿಂದ ಎದ್ದು ಬರುತ್ತಾರೆ ಎಂಬುದರಲ್ಲಿ ಆಕೆಗೆ ಬೆಳಗಿನ ಬಸ್ಸು ಬರುತ್ತದೆ ಎನ್ನುವಷ್ಟು ನಂಬಿಕೆ. ನೀನು ದೊಡ್ಡ ಕಲ್ಲು ತರಿಸಿ ಬಲಭಾಗದಲ್ಲಿ ಅವಳ ಹೆಸರು ಕೆತ್ತಿಸಿದೆ. ಎಡಭಾಗದಲ್ಲಿ ಅಜ್ಜನದ್ದನ್ನೂ ಕೆತ್ತಿಸಲು ಹೋದಾಗ ಅಂದಿನ ಸಭಾಪಾಲಕರು, ಒಳಗೆ ಇಲ್ಲದವರ ಹೆಸರು ಕಲ್ಲಿನ ಮೇಲೆ ಬರಬಾರದು, ಅವರ ಗೋರಿಯಿಂದ ಒಂದು ಹಿಡಿ ಮಣ್ಣಾದರೂ ತನ್ನಿ ಎಂದರು. ಅವರು ಬಾಯಿಮಾತಿಗೆ ಹೇಳಿದರೋ ಏನೋ, ನೀನು ಅದನ್ನು ಇಪ್ಪತ್ತಾರು ವರ್ಷ ಕಟ್ಟಿಕೊಂಡು ಕೂತೆ. ಪ್ರತಿ ವರ್ಷ ಆ ಕಲ್ಲನ್ನು ತೊಳೆಯುವಾಗ ನೀನು ಮೊದಲು ಖಾಲಿ ಭಾಗವನ್ನೇ ತೊಳೆಯುತ್ತಿದ್ದೆ.

ಆಗಸ್ಟ್ ಎರಡನೇ ಶನಿವಾರ ಚಂದನ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ನೀನು ಕಳಿಸಿದ್ದ ಮಲ್ಲಿಗೆಯ ಒಣಗಿದ ದಂಡೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಆ ಸ್ಮಶಾನ ನೋಡಿದರೆ ನಿನಗೆ ಹೊಟ್ಟೆಕಿಚ್ಚಾಗುತ್ತದೆ ಅಮ್ಮ. ಎಲ್ಲೂ ಒಂದು ಕಳೆಯಿಲ್ಲ. ಕತ್ತರಿಸಿದ ಹುಲ್ಲು, ಅದರ ಮೇಲೆ ಸಾಲು ಸಾಲು ಬಿಳಿ ಕಲ್ಲುಗಳು, ಎಲ್ಲಾ ಒಂದೇ ಎತ್ತರ. ಪ್ರತಿ ಕಲ್ಲಿನ ಬುಡದಲ್ಲಿ ಕಪ್ಪು ಮಣ್ಣು ಕೆದಕಿ ಹೂಗಿಡ ನೆಟ್ಟಿದ್ದಾರೆ. ಅಧಿಕಾರಿಗೂ ಅಡುಗೆಯವನಿಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ.

ಅವತ್ತು ನಮ್ಮನ್ನು ಬಿಟ್ಟರೆ ಒಬ್ಬ ಇಂಗ್ಲಿಷ್ ಮುದುಕಿ ಇದ್ದಳು. ನಿನಗಿಂತ ಐದಾರು ವರ್ಷ ದೊಡ್ಡವಳು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಪಾತ್ರೆ ಉಜ್ಜುವ ಸ್ಪಂಜು. ವಿಮಾನ ಬಿದ್ದು ಸತ್ತ ಅಣ್ಣನ ಕಲ್ಲನ್ನು ಒದ್ದೆ ಮಾಡಿ ಉಜ್ಜುತ್ತ, ಊರಿನಲ್ಲಿ ಯಾವ ಅಂಗಡಿ ಮುಚ್ಚಿತು, ಯಾರ ಮಗಳು ಯಾರನ್ನು ಬಿಟ್ಟಳು ಎಂದು ಗಟ್ಟಿಯಾಗಿ ವರದಿ ಒಪ್ಪಿಸುತ್ತಿದ್ದಳು. ಮೂವತ್ತೊಂದು ವರ್ಷದಿಂದ ಬರುತ್ತಿದ್ದಾಳಂತೆ. ಒದ್ದೆ ಕಲ್ಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ, ಫೋಟೋ ತೆಗೆಯುವುದಿದ್ದರೆ ನೀರು ಹಾಕಿ ತೆಗೆ ಎಂದು ನನಗೂ ಹೇಳಿಕೊಟ್ಟಳು. ಅಣ್ಣನದ್ದು ಮುಗಿದ ಮೇಲೆ ಉಳಿದ ನೀರನ್ನು ಹೆಸರಿಲ್ಲದ ಕಲ್ಲುಗಳಿಗೆ ಹಾಕುತ್ತ ಹೋದಳು. ಯಾರದೆಂದು ಗುರುತು ಸಿಗದ ಹೆಣಗಳಿಗೂ ಅಲ್ಲಿ ಕಲ್ಲಿದೆ. ಒಬ್ಬ ಸೈನಿಕ ಎಂದಷ್ಟೇ ಬರೆದು, ಹೆಸರು ದೇವರಿಗೆ ಗೊತ್ತು ಎನ್ನುವಂಥ ಮಾತು ಕೆಳಗೆ. ಅವರನ್ನು ನೋಡಲು ಯಾರೂ ಬರುವುದಿಲ್ಲವಲ್ಲ, ಬಂದವರೇ ಹಂಚಿಕೊಳ್ಳಬೇಕು ಎಂದಳು.

ಜನ ಏನೆಲ್ಲ ಇಟ್ಟು ಹೋಗುತ್ತಾರೆ ಗೊತ್ತೇ? ಕೆಂಪು ಕಾಗದದ ಹೂವಿನ ಪುಟ್ಟ ಶಿಲುಬೆಗಳು. ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಭದ್ರ ಮಾಡಿದ ಮದುವೆ ಫೋಟೋ. ಊರ ನದಿಯಿಂದ ತಂದ ಬೆಣಚುಕಲ್ಲು. ಒಂದು ಕಡೆ ಬೆಂಕಿಕಡ್ಡಿಯ ಪೊಟ್ಟಣವೂ ಎರಡು ಸಿಗರೇಟೂ ಇದ್ದವು. ನನಗೆ ನಗು ಬಂತು, ಕೂಡಲೇ ಅಳುವೂ ಬಂತು. ಅಜ್ಜ ಬೀಡಿ ಸೇದುತ್ತಿದ್ದರೇ ಎಂದು ನಮಗೆ ಯಾರಿಗಾದರೂ ಗೊತ್ತಿದೆಯೇ?

ಎರಡು ಗಂಟೆ ಸಾಲು ಸಾಲು ಹುಡುಕಿದೆವು. ರಾಮದಾಸ್ ಇರಲಿಲ್ಲ. ಕೊನೆಗೆ ತೋಟದ ಕೆಲಸದ ಲಿಯೊನ್‌ಹಾರ್ಡ್ ಎಂಬ ಮುದುಕ ನಮ್ಮ ಚೀಟಿ ನೋಡಿ, ಮುಂದೆ ನಡೆದು, ಪಕ್ಕದಲ್ಲಿ ಪ್ರತ್ಯೇಕವಾಗಿ ನಿಂತ ಒಂದು ಸ್ಮಾರಕದ ಕಲ್ಲಿನ ಮುಂದೆ ನಿಲ್ಲಿಸಿದ. ಅದರ ಮೇಲೆ ಇಪ್ಪತ್ತು ಚಿಲ್ಲರೆ ಹೆಸರುಗಳು, ಎಲ್ಲಾ ನಮ್ಮ ಕಡೆಯವು. ಮೇಲಿನ ಬರಹದ ಅರ್ಥ ಇಷ್ಟು: ಈ ಭಾರತೀಯ ಸೈನಿಕರು ಸೆರೆಯಲ್ಲಿದ್ದಾಗ ತೀರಿಕೊಂಡರು, ಅವರವರ ಧರ್ಮದ ಕಟ್ಟಳೆಯಂತೆ ಇವರ ದೇಹಗಳನ್ನು ಬೆಂಕಿಗೆ ಒಪ್ಪಿಸಲಾಯಿತು. ಐದನೆಯ ಹೆಸರು ಅಜ್ಜನದು. ಪಟ್ಟಿಯಲ್ಲಿ ನಾನು ಓದದೆ ಬಿಟ್ಟಿದ್ದ ಎರಡು ಪದ ಇದೇ, ದಹನ ಸ್ಮಾರಕ.

ನಾನು ಲಿಯೊನ್‌ಹಾರ್ಡ್‌ಗೆ ತಪ್ಪಾಗಿದೆ, ನಮ್ಮ ಅಜ್ಜ ಕ್ರೈಸ್ತ ಎಂದು ಜರ್ಮನ್ನಿನಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕನ್ನಡದಲ್ಲೂ ಹೇಳಿದೆ. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಅವನು ಹುಟ್ಟುವ ಮೊದಲೇ ಆದದ್ದಕ್ಕೆ ಅವನೇನು ಮಾಡಬೇಕು? ಚಂದನ್ ಅಷ್ಟರಲ್ಲಿ ಶೂ ಬಿಚ್ಚಿಟ್ಟು, ಬಾಟಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು, ಕಣ್ಣು ಮುಚ್ಚಿ ಆ ಕಲ್ಲಿನ ಬುಡಕ್ಕೆ ಬಿಟ್ಟ. ಅವನ ತಾತನಿಗೆ ಮಾಡುವ ಹಾಗೆಯೇ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ ಅಶ್ಲಿನ್. ಅಗ್ನಿ ಸಿಕ್ಕಿದೆಯಲ್ಲ. ಯುದ್ಧದಲ್ಲಿ ಎಷ್ಟೋ ಜನಕ್ಕೆ ಅದೂ ಸಿಕ್ಕಿರಲ್ಲ" ಎಂದ.

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮೈಯೆಲ್ಲ ಉರಿಯಿತು. ನಿಮ್ಮವರ ಕೈಗೆ ಸಿಕ್ಕಿದ್ದಕ್ಕೇ ಹೀಗಾಯಿತು ಎಂದುಬಿಟ್ಟೆ. ತನ್ನ ರಜೆಯ ದಿನ ಮುನ್ನೂರು ಚಿಲ್ಲರೆ ಕಿಲೋಮೀಟರು ಗಾಡಿ ಓಡಿಸಲು ಬಂದವನಿಗೆ ನಾನು ಹೇಳಿದ ಮಾತು ಇದು. ಕ್ಷಮೆ ಕೇಳಿದ್ದೇನೆ. ಅವನು ಪರವಾಗಿಲ್ಲ ಎಂದಿದ್ದಾನೆ. ನನಗೆ ಮಾತ್ರ ಈಗಲೂ ಅವನ ಮುಖ ನೋಡಲು ನಾಚಿಕೆ.

ಹೊರಡುವ ಮೊದಲು ನಿನ್ನ ಮಲ್ಲಿಗೆಯನ್ನು ಅಜ್ಜನ ಹೆಸರಿನ ಕೆಳಗೆ ಕಲ್ಲಿನ ಅಂಚಿಗೆ ಇಟ್ಟೆ. ಹೂವಾದರೆ ಶುಕ್ರವಾರದವರೆಗೆ ಬಿಡುತ್ತೇನೆ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬೇಕು, ಹಾಗೆಂದು ನಿಯಮ ಎಂದು ಲಿಯೊನ್‌ಹಾರ್ಡ್ ಮೆತ್ತಗೆ ಹೇಳಿದ. ಒಂದು ಹಿಡಿ ಮಣ್ಣು ತೆಗೆದುಕೊಳ್ಳಲೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದ. ಅದೂ ನಿಯಮವಂತೆ. ಮಣ್ಣಿನ ವಿಷಯ ಆಮೇಲೆ ಬರೆಯುತ್ತೇನೆ.

ಈಗ ಆ ಫೋಟೋ. ಅಷ್ಟರಲ್ಲಿ ಮೆಲ್ರಾಯ್‌ನ ಏಳು ಮೆಸೇಜು ಬಂದಿದ್ದವು. ಅಮ್ಮ ಬೆಳಗಿನಿಂದ ಊಟ ಮಾಡಿಲ್ಲ, ಫೋಟೋ ಹಾಕು, ಫೋಟೋ ಎಲ್ಲಿ, ಹೀಗೆ. ನಾನು ಗೇಟಿನ ಹತ್ತಿರ ನಿಂತಿದ್ದೆ. ಪಕ್ಕದಲ್ಲೇ ಆ ಮುದುಕಿ ನೀರು ಹಾಕಿ ಹೋಗಿದ್ದ ಹೆಸರಿಲ್ಲದ ಸೈನಿಕನ ಕಲ್ಲು, ಇನ್ನೂ ಒದ್ದೆ, ಬಿಸಿಲಿಗೆ ಹೊಳೆಯುತ್ತಿತ್ತು. ಓರೆಯಾಗಿ ನಿಂತು, ಬರಹ ಕಾಣದ ಹಾಗೆ, ಶಿಲುಬೆಯೂ ಹೂವೂ ಮಾತ್ರ ಬರುವ ಹಾಗೆ ಒಂದು ಫೋಟೋ ತೆಗೆದು ಕಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಸಭೆಯ ಗುಂಪಿನಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನೀನು ಅವತ್ತು ರಾತ್ರಿ ಊಟ ಮಾಡಿದೆ ಎಂದು ಗೊತ್ತಾಗಿ ನನಗೂ ಹಸಿವಾಯಿತು.

ಅದಕ್ಕೆ ಚೌಕಟ್ಟು ಹಾಕಿಸಿ ಅಪ್ಪನ ಫೋಟೋ ಪಕ್ಕ ತೂಗುಹಾಕಿದ್ದೀಯ. ಬೆಳಿಗ್ಗೆ ಎದ್ದ ಕೂಡಲೇ ಅದರ ಮುಂದೆ ನಿಂತು ಪ್ರಾರ್ಥನೆ ಮಾಡುತ್ತೀಯ. ಯಾವ ತಾಯಿಯ ಮಗನೋ ಏನೋ, ನಮ್ಮ ಮನೆಯ ಗೋಡೆಯ ಮೇಲೆ ಇದ್ದಾನೆ. ಅವನಿಗೂ ಒಂದು ಪ್ರಾರ್ಥನೆ ಸಿಕ್ಕಿತು ಎಂದು ನನಗೆ ನಾನೇ ಹೇಳಿಕೊಂಡದ್ದಿದೆ. ಹೇಳಿಕೊಂಡ ಮಾತ್ರಕ್ಕೆ ಏನೂ ಹಗುರಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಒಬ್ಬಳೇ ಇನ್ನೊಮ್ಮೆ ಹೋದೆ. ಎರಡು ರೈಲು, ಒಂದು ಬಸ್ಸು. ಯಾಕೆ ಹೋದೆನೋ ಗೊತ್ತಿಲ್ಲ. ಗೇಟಿನ ಗೋಡೆಯಲ್ಲಿ ಒಂದು ಚಿಕ್ಕ ಲೋಹದ ಬಾಗಿಲಿದೆ, ಅದರೊಳಗೆ ಬಂದವರು ಬರೆಯುವ ಪುಸ್ತಕ. ಹೆಸರು, ಊರು, ಹೇಳುವ ಮಾತು ಎಂದು ಮೂರು ಗೆರೆ ಹಾಕಿದ್ದಾರೆ. ಕೂತು ಹಿಂದಿನ ಪುಟಗಳನ್ನು ಓದಿದೆ. ಹೆಚ್ಚಿನವರು ಕೃತಜ್ಞತೆ ಹೇಳಿದ್ದಾರೆ. ಕೊನೆಗೂ ಸಿಕ್ಕಿದೆ ಚಿಕ್ಕಪ್ಪಾ ಎಂದು ಒಬ್ಬರು. ಇನ್ನೊಬ್ಬಳು ತನ್ನ ಅಪ್ಪನಿಗೆ, ನಾನು ಈಗ ನಿನ್ನ ಎರಡರಷ್ಟು ವಯಸ್ಸಿನವಳು ಎಂದು ತಿಳಿಸಿದ್ದಾಳೆ. ನಾನು ನನ್ನ ಹೆಸರು ಬರೆದೆ. ಊರು ಉಡುಪಿ ಎಂದು ಬರೆದೆ. ಮೂರನೆಯ ಗೆರೆಗೆ ಬಂದಾಗ ಪೆನ್ನು ಎತ್ತಿ ಕೂತವಳು ಬಸ್ಸಿನ ಹೊತ್ತಾಗುವವರೆಗೂ ಕೂತೇ ಇದ್ದೆ. ಬೆಂಕಿಗೆ ಹೋದವರಿಗೆ ನಮ್ಮಲ್ಲಿ ಏನು ಹೇಳುತ್ತಾರೆ ಅಮ್ಮ? ನಮ್ಮ ಪ್ರಾರ್ಥನೆಗಳೆಲ್ಲ ಮಣ್ಣಿಗೆ ಇಟ್ಟವರವು. ಆ ಜಾಗ ಖಾಲಿ ಬಿಟ್ಟು ಬಂದೆ.

ಎಲ್ಲಿ ತಪ್ಪಾಯಿತು ಎಂದು ತಿಳಿಯದೆ ನಾನು ಬಿಡುವವಳಲ್ಲ, ನಿನಗೆ ಗೊತ್ತು. ಹಳೆಯ ಸೆರೆಯಾಳುಗಳ ಕಾಗದ ಪತ್ರ ಇಟ್ಟಿರುವ ಕಡೆಗೆ ಬರೆದೆ. ಅಕ್ಟೋಬರ್ ಮೊದಲ ವಾರ ಒಂದೇ ಒಂದು ಹಾಳೆಯ ನಕಲು ಬಂತು. ಹೆಸರು: ರಾಮದಾಸ್. ಕಾಯಿಲೆ: ನ್ಯುಮೋನಿಯಾ. ದಿನ: 1944ರ ಜನವರಿ 19. ಧರ್ಮ: ಹಿಂದೂ. ಅಂತ್ಯಕ್ರಿಯೆ ನಡೆಸಿದವರು: ಜೊತೆಯ ಸೆರೆಯಾಳು ಹನುಮಂತರಾಯ, ಮೈಸೂರು.

ಇಷ್ಟೇ. ಬರೆದುಕೊಂಡ ಗುಮಾಸ್ತನನ್ನು ಬೈಯಲೇ? ರಾಮದಾಸ ಎನ್ನುವವನನ್ನು ಅವನು ಬೇರೆ ಏನೆಂದು ಬರೆಯಬೇಕಿತ್ತು? ಕರ್ಕಡ ಎಂದು ಸೇರಿಸಿದ್ದರೂ ಗೊತ್ತಾಗುತ್ತಿರಲಿಲ್ಲ. ಆ ಹೆಸರು ನಮ್ಮಲ್ಲೂ ಇದೆ, ಬ್ರಾಹ್ಮಣರಲ್ಲೂ ಇದೆ. ದೀಕ್ಷಾಸ್ನಾನ ಆದರೂ ಮನೆತನದ ಹೆಸರು, ತಮ್ಮ ಅಜ್ಜಂದಿರ ಹೆಸರು ಬಿಡುವುದಿಲ್ಲ ಎಂದು ಹಟ ಹಿಡಿದ ನಮ್ಮ ಹಿರಿಯರ ಬಗ್ಗೆ ನೀನು ಸಂಡೇ ಸ್ಕೂಲಿನಲ್ಲಿ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ. ಊರಿನಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ರಾಮದಾಸ ಚರ್ಚಿಗೆ ಹೋಗುವವನೆಂದು ಬಸ್ ಸ್ಟ್ಯಾಂಡಿನ ನಾಯಿಗೂ ಗೊತ್ತಿತ್ತು. ಹಿಮದಲ್ಲಿ, ಸೆರೆಯಲ್ಲಿ, ಯಾರಿಗೆ ಗೊತ್ತಿರಬೇಕು?

ಅಜ್ಜನೇ ಯಾಕೆ ಹೇಳಲಿಲ್ಲ ಎಂದೂ ಯೋಚಿಸಿದೆ. ಸೈನ್ಯಕ್ಕೆ ಸೇರುವಾಗಲೇ ಹಾಗೆ ಬರೆದುಕೊಂಡರೋ, ತಿದ್ದಿಸಲು ಸಂಕೋಚವಾಯಿತೋ. ಅಲ್ಲಿ ಕನ್ನಡ ಬರುವವರು ಇವರಿಬ್ಬರೇ ಆಗಿದ್ದು, ಒಟ್ಟಿಗೆ ಉಣ್ಣಲಿಕ್ಕಾಗಿ ಸುಮ್ಮನಿದ್ದರೋ. ಅಥವಾ ಹನುಮಂತರಾಯರಿಗೆ ಗೊತ್ತಿದ್ದೂ, ತಾನು ಬಲ್ಲ ಮಂತ್ರ ಇದೊಂದೇ ಎಂದು ಮಾಡಿದರೋ. ಆ ಮನುಷ್ಯನನ್ನು ಕಂಡರೆ ಜಗಳವಾಡಬೇಕೆಂದು ಮೊದಲೆರಡು ದಿನ ಇತ್ತು. ಆಮೇಲೆ ಅನಿಸಿತು, ಅವನೂ ಹೊಟ್ಟೆಗಿಲ್ಲದ ಕೈದಿ. ಜನವರಿಯ ಚಳಿಯಲ್ಲಿ ಕಾವಲುಗಾರರ ಕೈಕಾಲು ಹಿಡಿದು, ಎಲ್ಲಿಂದಲೋ ಕಟ್ಟಿಗೆ ಬೇಡಿ, ಯಾರದೋ ಮನೆಯ ಮಗನಿಗೆ ತನ್ನ ಕೈಯಾರೆ ಬೆಂಕಿ ಇಟ್ಟ. ಅಜ್ಜ ಹೋಗುವಾಗ ಹತ್ತಿರ ಇದ್ದ ಒಬ್ಬನೇ ಒಬ್ಬ ಅವನು. ಕೈಮುಗಿಯುವುದೋ ಬೈಯುವುದೋ ನನಗೆ ಇನ್ನೂ ಗೊತ್ತಾಗಿಲ್ಲ. ಬೂದಿ ಎಲ್ಲಿ ಹೋಯಿತೆಂದು ಕೇಳಿ ಇನ್ನೊಂದು ಕಾಗದ ಬರೆದೆ. ದಾಖಲೆ ಇಲ್ಲ ಎಂದು ಉತ್ತರ ಬಂತು.

ಆಪರೇಷನ್ ಮುಗಿಯುವವರೆಗೆ ಬಾಯಿ ಬಿಡಬೇಡ ಎಂದು ವಿವಿಯನ್ ಹೇಳುತ್ತಾನೆ. ಹಾಗೇ ಮಾಡೋಣವೆಂದುಕೊಂಡಿದ್ದೆ. ನೀನು ನಂಬರು ಕೇಳುವವರೆಗೂ ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಒಂದು ನಂಬರು ಬರೆದು ಕಳಿಸುವುದು ಎಷ್ಟರ ಕೆಲಸ, ಆ ಫೋಟೋದ ಕಲ್ಲಿನ ಸಾಲೂ ಸಂಖ್ಯೆಯೂ ನನ್ನ ಹತ್ತಿರ ಇದೆ. ಬರೆದೂ ಬರೆದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆ ಹೆಸರಿಲ್ಲದವನಿಗೆ ಈ ಲೋಕದಲ್ಲಿ ಇರುವುದು ಆ ನಂಬರು ಒಂದೇ ಅಮ್ಮ. ಅದನ್ನೂ ಕಿತ್ತು ನಮ್ಮ ಕಲ್ಲಿಗೆ ಕೆತ್ತಿಸಿದರೆ ನಾನು ಮನುಷ್ಯಳೇ ಅಲ್ಲ.

ಹಾಗಾಗಿ ನಿಜ ಬರೆದೆ. ಬರೆದು ನಿನ್ನನ್ನು ಯಾವ ಪಾಡಿಗೆ ತಂದಿದ್ದೇನೆ ಎಂದೂ ಗೊತ್ತು. ಕೆತ್ತಿಸಿದರೆ ಸುಳ್ಳು. ಬಿಟ್ಟರೆ ಅಜ್ಜಿಯ ಪಕ್ಕ ಎಂದೆಂದಿಗೂ ಖಾಲಿ. ಸಭೆಗೆ ಏನೆನ್ನುವುದು, ಮೆಲ್ರಾಯ್ ಅಚ್ಚು ಹಾಕಿಸಿದ ಆಮಂತ್ರಣಕ್ಕೆ ಏನು ಮಾಡುವುದು, ನನಗೆ ಒಂದೂ ತೋಚುತ್ತಿಲ್ಲ. ಮಣ್ಣಿನಿಂದ ಎಬ್ಬಿಸುವ ದೇವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವೇ ಎಂದು ನಿನ್ನ ಮುಂದೆ ಸಭಾಪಾಲಕರ ಹಾಗೆ ಪ್ರಸಂಗ ಮಾಡುವ ಯೋಗ್ಯತೆ ನನಗಿಲ್ಲ. ನೀನೇ ನನಗೆ ಹೇಳಿಕೊಟ್ಟವಳು. ಎಪ್ಪತ್ತನಾಲ್ಕು ವರ್ಷ ತಂದೆಯ ಮುಖ ನೋಡದೆ ಕಳೆದವಳಿಗೆ ಒಂದು ಗೋರಿಯನ್ನಾದರೂ ತೋರಿಸಬೇಕೆಂದಿದ್ದೆ, ಅದೂ ನನ್ನಿಂದ ಆಗಲಿಲ್ಲ.

ಒಂದು ಮಾತ್ರ ನಡೆಸಿಕೊಡು. ಬೈಯುವುದಿದ್ದರೆ ಬೈ, ಮಾತು ಬಿಡುವುದಿದ್ದರೆ ಬಿಡು, ಇಪ್ಪತ್ತನೇ ತಾರೀಕು ಆಸ್ಪತ್ರೆಗೆ ಮಾತ್ರ ಹೋಗು. ನಾನು ಹದಿನೆಂಟಕ್ಕೆ ಅಲ್ಲಿರುತ್ತೇನೆ, ಟಿಕೆಟ್ ಆಗಿದೆ.

ಗಂಟೆ ಮುಗಿದು ಎಷ್ಟೋ ಹೊತ್ತಾಯಿತು. ವಿವಿಯನ್ ಎದ್ದು ಕಾಫಿ ಇಟ್ಟು, ನಾನು ಬರೆಯುವುದನ್ನು ನೋಡಿ ಬಾಗಿಲು ಎಳೆದುಕೊಂಡು ಹೋದ.

ನಿನ್ನ ಕ್ಷಮೆ ಕೇಳಲೂ ಬಾಯಿಲ್ಲದ ಮಗಳು,
ಅಶ್ಲಿನ್

ಮತ್ತೊಂದು ಮಾತು: ಮಣ್ಣಿನ ವಿಷಯ ಆಮೇಲೆ ಬರೆಯುತ್ತೇನೆ ಎಂದವಳು ಬರೆಯದೆ ಸಹಿ ಹಾಕಿದೆ. ಇಲ್ಲಿಯೂ ಮುಚ್ಚಿಡಲು ನೋಡಿದೆ. ಸೆಪ್ಟೆಂಬರಿನಲ್ಲಿ ಚಂದನ್‌ನ ಹೆಂಡತಿ ಕೀರ್ತಿಯ ಕೈಯಲ್ಲಿ ಜಾಮಿನ ಬಾಟಲಿ ಕಳಿಸಿದಾಗ, "ಬಾಟ್ಲಿಗೆ ಸ್ಟ್ರಾಬೆರಿ ವಾಸನೆ ಉಂಟು, ಮಣ್ಣಿಗೆ ಮಾತ್ರ ನಮ್ಮದೇ ವಾಸನೆ. ಬಣ್ಣವೂ ಹಾಗೇ ಕೆಂಪು, ದೇವರ ದಯೆ ನೋಡು" ಎಂದು ನೀನು ಬರೆದಿದ್ದೆ. ಮಲ್ಲಿಗೆ ಗಿಡ ಬದುಕಿಲ್ಲ ಅಮ್ಮ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಸತ್ತಿತು, ಎರಡು ವರ್ಷದಿಂದ ನಿನಗೆ ಸುಳ್ಳು ಹೇಳುತ್ತಿದ್ದೇನೆ. ನೀನು ಬುಡದ ಮಣ್ಣಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಎಸೆಯಲು ಮನಸ್ಸಾಗದೆ ಕುಂಡವನ್ನು ಹಾಗೇ ಇಟ್ಟುಕೊಂಡಿದ್ದೆ. ಬಾಟಲಿಗೆ ತುಂಬಿದ್ದು ಆ ಕುಂಡದ ಮಣ್ಣನ್ನು. ಆ ಗಿಡವನ್ನು ನೀನು ಕಿತ್ತದ್ದು ಬಾವಿಕಟ್ಟೆಯ ಬದಿಯಿಂದ, ಅಜ್ಜಿ ಯಾರನ್ನೂ ತುಳಿಯಲು ಬಿಡುತ್ತಿರಲಿಲ್ಲವಲ್ಲ, ಅಲ್ಲಿಂದ. ಸೈನ್ಯಕ್ಕೆ ಹೊರಡುವ ದಿನ ಬೆಳಿಗ್ಗೆ ಅಜ್ಜ ಅಲ್ಲಿ ನಿಂತು ಕಾಲು ತೊಳೆದುಕೊಂಡು ಬೂಟು ಹಾಕಿಕೊಂಡರು ಎಂದು ನೀನೇ ಹೇಳುತ್ತಿದ್ದೆ.